ನುಡಿಯ ದನಿಯೂ ಪದದ ತೂಕವೂ

(ಕುಂಸಿಯಲ್ಲಿ ಕನ್ನಡ ರಾಜ್ಯೋತ್ಸವದ ಸಂಬಂಧವಾಗಿ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ವೇದಿಕೆಯನ್ನೇರಿದವರು ನಾಡಿನ ಗತವೈಭವವನ್ನು ಕೊಂಡಾಡುವುದು ವಾಡಿಕೆ. ಕದಂಬರು, ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಎಂದು ಹೆಸರುಗಳನ್ನು ಪೋಣಿಸಿ, ಕೊನೆಗೊಂದು ಜಯಘೋಷವನ್ನು ಮಾಡಿಸಿ ಇಳಿದರೆ ಸಭೆಗೂ ಸಂತೋಷ, ಭಾಷಣಕಾರನಿಗೂ ಶ್ರಮವಿಲ್ಲ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಇಂದು ಅಷ್ಟು ದೊಡ್ಡ ವಿಷಯವನ್ನು ಎತ್ತಿಕೊಳ್ಳದೆ, ದಿನ ಬೆಳಗಾದರೆ ನಮ್ಮೆಲ್ಲರ ಬಾಯಲ್ಲಿ ಓಡಾಡುವ ಒಂದು ಚಿಕ್ಕ ವಿಷಯವನ್ನು ತಮ್ಮ ಮುಂದಿಡಲು ಬಯಸುವೆವು. ಅದು ಯಾವುದೆಂದರೆ, ಮಾತಾಡುವಾಗ ದನಿಯಲ್ಲಿ ಆಗುವ ಏರಿಳಿತ. ಮತ್ತು ಒಂದೇ ಅರ್ಥದವೆಂದು ನಾವು ನಂಬಿರುವ ಪದಗಳೊಳಗಣ ಭೇದ. ಇವೆರಡೂ ಬೇರೆ ಬೇರೆ ವಿಷಯಗಳೆಂದು ಮೇಲುನೋಟಕ್ಕೆ ತೋರುವುದು. ಹಾಗಲ್ಲ, ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳೆಂಬುದನ್ನೇ ನಾವು ಹೇಳಬೇಕಾಗಿದೆ.

ಈ ಮಾತನ್ನಾಡಲು ಕುಂಸಿಯು ಬಹಳ ತಕ್ಕ ಸ್ಥಳ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರನ್ನು ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಬಯಲುಸೀಮೆಯು ಹಿಂದೆ ಸರಿದು ಮಲೆನಾಡು ಮೊದಲಾಗಿರುತ್ತದೆ. ನೆಲ ಬದಲಾಗುವ ಕಡೆಯಲ್ಲಿ ನುಡಿಯೂ ಬದಲಾಗುವುದು. ಇಲ್ಲಿಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, "ಏನು" ಎನ್ನುವವರೂ "ಎಂತ" ಎನ್ನುವವರೂ ಒಟ್ಟಿಗೆ ಸಿಗುವರು. ಒಮ್ಮೆ ಚನ್ನಗಿರಿ ಕಡೆಯ ರೈತರೊಬ್ಬರು ಈ ದಾರಿಯ ಅಂಗಡಿಯೊಂದರ ಮುಂದೆ ನಿಂತಾಗ, ಒಳಗಿದ್ದ ಮಲೆನಾಡಿನ ಹುಡುಗನು "ಎಂತ ಬೇಕು?" ಎಂದು ಕೇಳಿದನು. ರೈತರು, "ಎಂಥದ್ದಾದರೂ ಆದೀತು, ಗಟ್ಟಿಯಾಗಿದ್ದರೆ ಸರಿ" ಎಂದರು. ಹುಡುಗನು ಮುಖಮುಖ ನೋಡಿದನು. ಹುಡುಗನು ಕೇಳಿದ್ದು ಯಾವ ವಸ್ತು ಬೇಕೆಂದು. ರೈತರು ತಿಳಿದದ್ದು ಯಾವ ಬಗೆಯದು ಬೇಕೆಂದು. ಅವರು ಬಂದಿದ್ದುದು ಹಗ್ಗಕ್ಕೆಂಬುದು ಹೊರಬೀಳಲು ಮತ್ತೆರಡು ಪ್ರಶ್ನೆಗಳು ಬೇಕಾದವು. ಇಬ್ಬರೂ ಆಡಿದ್ದು ಅಚ್ಚಗನ್ನಡವೇ, ಇಬ್ಬರದೂ ತಪ್ಪಲ್ಲ.

ದನಿಯ ಏರಿಳಿತಕ್ಕೆ ನಮ್ಮ ಹಿರಿಯರು "ಕಾಕು" ಎಂದು ಹೆಸರಿಟ್ಟಿದ್ದರು. ಈಗ ಆ ಪದವು ಕನ್ನಡದಲ್ಲಿ ಕುಹಕವೆಂಬ ಹೀನಾರ್ಥಕ್ಕೆ ಇಳಿದಿರುವುದುಂಟು, ಮೂಲದಲ್ಲಿ ಹಾಗಿರಲಿಲ್ಲ. ದುಃಖ, ಭಯ ಮೊದಲಾದವುಗಳಿಂದ ಧ್ವನಿಯಲ್ಲಿ ಉಂಟಾಗುವ ವಿಕಾರವೇ ಕಾಕುವೆಂದು ಅಮರಸಿಂಹನು ಅರ್ಥವಿಟ್ಟನು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಇದನ್ನು ವಿಸ್ತಾರವಾಗಿ ವಿಚಾರಮಾಡಿ, ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳಿಂದ ಧ್ವನಿಯು ಹೊರಡುವುದೆಂದೂ, ಮಗ್ಗುಲಲ್ಲಿರುವವನೊಡನೆ ಎದೆಯಿಂದ, ತುಸು ದೂರದವನೊಡನೆ ಕಂಠದಿಂದ, ಬಹುದೂರದವನೊಡನೆ ಶಿರಸ್ಸಿನಿಂದ ನುಡಿಯತಕ್ಕದ್ದೆಂದೂ ವಿಧಿಸಿದನು. ಆಲಂಕಾರಿಕನಾದ ರುದ್ರಟನು ವಕ್ರೋಕ್ತಿಯನ್ನು ಎರಡಾಗಿ ವಿಂಗಡಿಸಿ, ಒಂದು ಶ್ಲೇಷದಿಂದ ಹುಟ್ಟುವುದು, ಇನ್ನೊಂದು ಕಾಕುವಿನಿಂದ ಹುಟ್ಟುವುದು ಎಂದನು. ಬರಿಯ ದನಿಯನ್ನು ತಿರುಗಿಸಿ "ಹೌದು" ಎಂಬುದನ್ನು "ಅಲ್ಲ" ಮಾಡಬಹುದೆಂಬುದನ್ನು ಅವರೆಲ್ಲರೂ ಅರಿತಿದ್ದರು. "ನಾನೇನು ಕಳ್ಳನೇ?" ಎಂದು ಕೇಳಿದವನು ಉತ್ತರವನ್ನು ಬಯಸಿ ಕೇಳಿದವನಲ್ಲವಷ್ಟೆ.

ದನಿ ತಪ್ಪಿದರೆ ಏನಾಗುವುದೆಂಬುದಕ್ಕೆ ಪುರಾತನರು ಒಂದು ಕಥೆಯನ್ನು ಹೇಳುತ್ತಿದ್ದರು. ತ್ವಷ್ಟೃವು ಮಗನನ್ನು ಕಳೆದುಕೊಂಡ ಸಂಕಟದಲ್ಲಿ, ಇಂದ್ರನನ್ನು ಕೊಲ್ಲುವಂಥ ಇನ್ನೊಬ್ಬ ಮಗನು ಬೇಕೆಂದು ಯಜ್ಞ ಮಾಡಿ, "ಇಂದ್ರಶತ್ರು"ವು ವರ್ಧಿಸಲೆಂದು ಆಹುತಿ ಕೊಟ್ಟನು. ಆ ಪದದ ಕೊನೆಯಲ್ಲಿ ಉದಾತ್ತಸ್ವರವನ್ನಿಟ್ಟರೆ ಇಂದ್ರನನ್ನು ಕೊಲ್ಲುವವನೆಂದರ್ಥ. ಮೊದಲಲ್ಲಿಟ್ಟರೆ ಇಂದ್ರನಿಂದ ಕೊಲ್ಲಲ್ಪಡುವವನೆಂದರ್ಥ. ಸ್ವರವು ಜಾಗ ತಪ್ಪಿತು. ಹುಟ್ಟಿದ ವೃತ್ರನು ಇಂದ್ರನ ಕೈಯಿಂದಲೇ ಹತನಾದನು. ಪತಂಜಲಿಯು ಮಹಾಭಾಷ್ಯದಲ್ಲಿ, ವ್ಯಾಕರಣವನ್ನೇಕೆ ಕಲಿಯಬೇಕೆಂಬುದಕ್ಕೆ ಇದನ್ನೂ ಒಂದು ಕಾರಣವಾಗಿ ಎತ್ತಿಕೊಂಡಿದ್ದಾನೆ. ಅಕ್ಷರವೊಂದೂ ಕೆಡಲಿಲ್ಲ, ಅರ್ಥವೆಲ್ಲ ಕೆಟ್ಟಿತು!

ಇರಲಿ. ಕನ್ನಡದಲ್ಲಿ ವೇದದ ಸ್ವರಗಳಿಲ್ಲ. ಚೀನೀಭಾಷೆಯಲ್ಲಿರುವಂತೆ ಒಂದೇ "ಮಾ" ಎಂಬುದು ದನಿಯ ಭೇದದಿಂದ ತಾಯಿಯೂ, ಕುದುರೆಯೂ, ಬೈಗುಳವೂ ಆಗುವ ಪದ್ಧತಿಯೂ ನಮ್ಮಲ್ಲಿಲ್ಲ. ಕನ್ನಡದಲ್ಲಿ ದನಿಯು ಪದದ ಅರ್ಥವನ್ನು ಬದಲಿಸದು. ಆಡಿದವನ ಅಂತರಂಗವನ್ನು ಹೇಳುವುದು. ಆದರೆ ಆ ಕೆಲಸವೇನು ಸಾಮಾನ್ಯವೇ? "ಏ" ಎಂಬ ಒಂದು ಅಕ್ಷರವನ್ನು ನೋಡಿರಿ. ನಮ್ಮ ವೈಯಾಕರಣರು ಇದನ್ನು ಅವಧಾರಣೆಯಲ್ಲಿಯೂ, ಎಂದರೆ ಒತ್ತಿ ಹೇಳುವಲ್ಲಿಯೂ, ಪ್ರಶ್ನೆಯಲ್ಲಿಯೂ ಕಂಡಿದ್ದಾರೆ. "ಬೇಲಿ ಕಿತ್ತವನು ಅವನೇ" ಎಂದು ದನಿಯನ್ನು ಇಳಿಸಿ ಹೇಳಿದರೆ ಆರೋಪ ಮುಗಿಯಿತು. "ಬೇಲಿ ಕಿತ್ತವನು ಅವನೇ" ಎಂದು ದನಿಯನ್ನು ಮೇಲಕ್ಕೆತ್ತಿದರೆ ಅದು ಸಂದೇಹ. ಬಾಯಲ್ಲಿ ಇಷ್ಟು ಸ್ಪಷ್ಟವಾದ ಭೇದವು ಕಾಗದದ ಮೇಲೆ ಒಂದು ಕೊಂಡಿಯಂಥ ಚಿಹ್ನೆಯಲ್ಲಿ ನಿಂತಿದೆ. ಆ ಚಿಹ್ನೆಯೂ ನಮ್ಮದಲ್ಲ. ಇಂಗ್ಲಿಷಿನವರಿಂದ ನಾವು ಪಡೆದದ್ದು. ಅದಕ್ಕೆ ಮೊದಲು ನಮ್ಮ ತಾಳೆಗರಿಗಳಲ್ಲಿ ಪ್ರಶ್ನೆಗೂ ಉದ್ಗಾರಕ್ಕೂ ಗುರುತಿರಲಿಲ್ಲ, ಪದಪದಗಳ ನಡುವೆ ಎಡೆಯೂ ಇರಲಿಲ್ಲ.

ಇನ್ನು "ಆಯಿತು" ಎಂಬ ಮಾತು. ಮೊಟಕಾಗಿ ಆಡಿದರೆ ಒಪ್ಪಿಗೆ. ಎಳೆದು ಆಡಿದರೆ, ಒಪ್ಪಿಗೆಯಿಲ್ಲದಿದ್ದರೂ ನಿಮ್ಮ ಕಾಟಕ್ಕೆ ಒಪ್ಪಿದೆನೆಂಬ ಭಾವ. ನಿಟ್ಟುಸಿರಿನೊಡನೆ ಬಂದರೆ ಬದುಕಿನಲ್ಲಿ ಏನೋ ಒಂದು ಮುಗಿದುಹೋಯಿತೆಂದು ಅರ್ಥ. ಬಾಗಿಲಿನತ್ತ ನೋಡುತ್ತ ಆಡಿದರೆ, ನೀವಿನ್ನು ಹೊರಡಬಹುದು. "ಇರಲಿ" ಎಂಬುದು ಕ್ಷಮೆಯೂ ಹೌದು, ಬೆದರಿಕೆಯೂ ಹೌದು. ಕಚೇರಿಗಳಲ್ಲಿ ಕೇಳಿಬರುವ "ನೋಡೋಣ" ಎಂಬುದರ ದನಿಯನ್ನು ತಿಳಿಯದೆ ವರುಷಗಟ್ಟಲೆ ಅಲೆದವರು ಈ ಸಭೆಯಲ್ಲಿಯೂ ಇರಬಹುದು. (ಆ ಮಾತು ಲಿಖಿತದಲ್ಲಿ "ಪರಿಶೀಲಿಸಲಾಗುವುದು" ಎಂಬ ರೂಪವನ್ನು ತಾಳುತ್ತದೆ, ಅಲ್ಲಿ ದನಿಯೇ ಇಲ್ಲವಾದ್ದರಿಂದ ಅಲೆದಾಟವು ಇನ್ನೂ ದೀರ್ಘವಾಗುವುದು.) ಇವೆಲ್ಲಕ್ಕಿಂತ ವಿಚಿತ್ರವಾದದ್ದು "ಹೂಂ". ಇದಕ್ಕೆ ಅರ್ಥವೇ ಇಲ್ಲ, ಇರುವುದೆಲ್ಲ ದನಿ. ಸಮ್ಮತಿಯ ಹೂಂ ಬೇರೆ, ಕೇಳಿಸಲಿಲ್ಲವೆಂಬ ಹೂಂ ಬೇರೆ, ಗದರಿಕೆಯ ಹೂಂ ಬೇರೆ. ಅಜ್ಜಿಯು ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಿದ್ದರಲ್ಲ, ಆ ಹೂಂ ಬೇರೆ. ಆ ಕೊನೆಯ ಹೂಂ ಸಣ್ಣಗಾಗುತ್ತ ಬಂದಾಗ ಮಗುವಿಗೆ ನಿದ್ರೆ ಹತ್ತಿತೆಂದು ಅಜ್ಜಿಗೆ ದೀಪವಾರಿಸಿದ ಕತ್ತಲಲ್ಲಿಯೂ ತಿಳಿಯುತ್ತಿತ್ತು.

ಬರವಣಿಗೆಯಲ್ಲಿ ಕಳೆದುಹೋದ ದನಿಯನ್ನು ಮರಳಿ ತರುವ ವಿದ್ಯೆಯೊಂದು ನಮ್ಮ ಜಿಲ್ಲೆಯಲ್ಲಿಯೇ ಬೆಳೆದಿರುವುದು ನಮ್ಮ ಭಾಗ್ಯ. ತುಂಗೆಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಮತ್ತೂರು ಹೊಸಹಳ್ಳಿಗಳನ್ನು ತಾವೆಲ್ಲರೂ ಬಲ್ಲಿರಿ. ಮತ್ತೂರಿನ ಸಂಸ್ಕೃತದ ಕೀರ್ತಿಯು ದೇಶದಲ್ಲೆಲ್ಲ ಹರಡಿದೆ. ಹೊಸಹಳ್ಳಿಯ ಗಮಕದ ಕೀರ್ತಿಯು ಅಷ್ಟು ಹರಡದಿದ್ದರೂ ಕನ್ನಡಿಗರಿಗೆ ಅದು ಕಡಿಮೆಯ ನಿಧಿಯಲ್ಲ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ಕಾಲವಾದರು. ಗಮಕವೆಂದರೆ ಸಂಗೀತಕಚೇರಿಯಲ್ಲ. ರಾಗವು ಅಲ್ಲಿ ಒಡತಿಯಲ್ಲ, ಕಾವ್ಯದ ಊಳಿಗದವಳು. ಷಟ್ಪದಿಯ ಸಾಲಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವ ಪದಗಳನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಉಸಿರು ತಡೆಯಬೇಕು, ಯಾವ ಮಾತು ದುರ್ಯೋಧನನ ಮೂದಲಿಕೆ, ಯಾವುದು ವಿದುರನ ಮರುಕ ಎಂಬುದನ್ನು ಗಮಕಿಯು ದನಿಯಿಂದಲೇ ತೋರಿಸುವನು. "ಮಗನೆ" ಎಂಬ ಒಂದೇ ಸಂಬೋಧನೆ ಧೃತರಾಷ್ಟ್ರನ ಬಾಯಲ್ಲಿ ಒಂದು ಬಗೆ, ಕುಂತಿಯ ಬಾಯಲ್ಲಿ ಇನ್ನೊಂದು ಬಗೆ. ಅಕ್ಷರವರಿಯದ ಕೇಳುಗನಿಗೂ ಕುಮಾರವ್ಯಾಸನು ತಿಳಿದದ್ದು ಹೀಗೆ. ಗದುಗಿನ ಕವಿಯ ಕಾವ್ಯವನ್ನು ತುಂಗೆಯ ದಂಡೆಯ ಕಂಠಗಳು ಕಾಪಾಡಿಕೊಂಡು ಬಂದವೆಂಬುದನ್ನು ಇಲ್ಲಿ ನೆನೆಯದಿರಲಾರೆವು. ಗದುಗು ಮುಂಬಯಿ ಪ್ರಾಂತದಲ್ಲಿಯೂ ಶಿವಮೊಗ್ಗ ಮೈಸೂರು ಸಂಸ್ಥಾನದಲ್ಲಿಯೂ ಇದ್ದ ಕಾಲದಲ್ಲಿ ಕೂಡ ಕುಮಾರವ್ಯಾಸನಿಗೆ ಯಾವ ಗಡಿಯೂ ಅಡ್ಡ ಬಂದಿರಲಿಲ್ಲ.

ಈಗ ಎರಡನೆಯ ವಿಷಯಕ್ಕೆ ಬರುವೆವು. ಶಾಲೆಯ ಮಕ್ಕಳಿಗೆ ಪರ್ಯಾಯಪದಗಳೆಂದು ಪಟ್ಟಿಯನ್ನು ಕೊಟ್ಟು ಬಾಯಿಪಾಠ ಮಾಡಿಸುವುದುಂಟು. ನೀರು, ಜಲ, ಉದಕ, ಸಲಿಲ. ಸಿಟ್ಟು, ಕೋಪ, ಕ್ರೋಧ, ರೋಷ. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಅಂಕ ಸಿಗುವುದು. ಈ ಪದ್ಧತಿಯು ನಮಗೆ ಬಂದದ್ದು ನಿಘಂಟುಗಳಿಂದ. ನಾಗವರ್ಮನ ವಸ್ತುಕೋಶವಾಗಲಿ, ಮಂಗರಾಜನ ನಿಘಂಟಾಗಲಿ ಪದ್ಯರೂಪದಲ್ಲಿ ಪದಗಳನ್ನು ಗುಂಪುಗುಂಪಾಗಿ ಕೂಡಿಸಿಟ್ಟವು. ಕವಿಗೆ ಅದರಿಂದ ಮಹೋಪಕಾರವಾಯಿತು. ಮಾತ್ರೆಯೊಂದು ಕಡಿಮೆ ಬಿದ್ದಾಗ, ಪ್ರಾಸವು ಕೈಕೊಟ್ಟಾಗ, ಆ ಗುಂಪಿನೊಳಕ್ಕೆ ಕೈಯಿಟ್ಟು ಬೇಕಾದ ಅಳತೆಯ ಪದವನ್ನು ತೆಗೆದುಕೊಳ್ಳುವನು. ಛಂದಸ್ಸಿನ ತಕ್ಕಡಿಯಲ್ಲಿ ಅವು ಸಮನಾಗಿರಬಹುದು. ಬಾಯಲ್ಲಿ ಅವು ಸಮನಲ್ಲ. ಸಮಾನಾರ್ಥಕ ಪದವೆಂಬುದೇ ಇಲ್ಲ, ಸಮೀಪಾರ್ಥಕ ಪದಗಳು ಮಾತ್ರ ಇವೆ ಎಂಬುದು ನಮ್ಮ ಅಭಿಪ್ರಾಯ.

ಸಿಟ್ಟಿನ ಗುಂಪನ್ನೇ ಬಿಡಿಸಿ ನೋಡೋಣ. ಕೋಪವು ಎಲ್ಲಕ್ಕೂ ಸಲ್ಲುವ ಹೆಸರು. ಸಿಟ್ಟು ಮನೆಯೊಳಗಿನದು, ಹಾಲು ಉಕ್ಕಿದಂತೆ ಉಕ್ಕಿ, ನೀರು ಚಿಮುಕಿಸಿದರೆ ಇಳಿಯುವುದು. ರೋಷಕ್ಕೆ ಮಾನವು ಬೇರು. ಅವಮಾನವಾಗದೆ ರೋಷ ಹುಟ್ಟದು. ಕ್ರೋಧವು ಎದುರಿನವನ ನಾಶವನ್ನು ಬಯಸುವುದು. ಅರಿಷಡ್ವರ್ಗದಲ್ಲಿ ಕ್ರೋಧವನ್ನು ಸೇರಿಸಿದರೇ ಹೊರತು ಸಿಟ್ಟನ್ನು ಯಾರೂ ಸೇರಿಸಲಿಲ್ಲ. ಕಿನಿಸು ಸಣ್ಣದು, ಮುಖದಲ್ಲಿ ಕಂಡು ಮಾತಿಗೆ ಬಾರದೆ ಹೋಗುವಂಥದು. ಸೆಡವು ಮಾಡಿದವನು ದೂರ ನಿಲ್ಲುವನು, ಕರೆದರೂ ಒಡನೆಯೇ ಬಾರನು. ಇನ್ನು ಮುನಿಸು! ಇದು ಪ್ರೀತಿಯಿರುವ ಕಡೆಯಲ್ಲಿ ಮಾತ್ರ ಉಂಟು. ಹೆಂಡತಿಯು ಗಂಡನ ಮೇಲೆ ಮುನಿಯುವಳು, ಅಳಿಯನು ಮಾವನ ಮೇಲೆ ಮುನಿಯುವನು. ಸಾಲ ವಸೂಲಿಗೆ ಬಂದವನ ಮೇಲೆ ಯಾರಾದರೂ ಮುನಿಸಿಕೊಂಡದ್ದನ್ನು ತಾವು ಕೇಳಿರುವಿರಾ? ಪತ್ರಿಕೆಗಳವರು ಒಂದೇ ಪಕ್ಷದ ಇಬ್ಬರು ಮುಖಂಡರ ಜಗಳವನ್ನು ಮುನಿಸೆಂದು ಬರೆಯುತ್ತಾರೆ. ಅವರು ಮತ್ತೆ ಒಂದಾಗುವರೆಂಬ ಭವಿಷ್ಯವು ಆ ಪದದಲ್ಲಿಯೇ ಅಡಗಿರುವುದು. ಅದೇ ಪತ್ರಿಕೆಗಳು ಬೀದಿದೀಪ ಕೆಟ್ಟರೂ ಸಾರ್ವಜನಿಕರ "ಆಕ್ರೋಶ" ಎಂದು ಬರೆದು ಬರೆದು ಆ ಪದದ ಬಾಯಿ ಕಟ್ಟಿಸಿರುವುದನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ.

ಬೆಂಕಿಯ ಮನೆಗಳನ್ನು ನೋಡಿರಿ. ಅಡುಗೆಗೆ ಒಲೆ, ಕಮ್ಮಾರನಿಗೆ ಕುಲುಮೆ, ಕುಂಬಾರನಿಗೆ ಆವಿಗೆ, ಸುಣ್ಣ ಸುಡುವವನಿಗೆ ಭಟ್ಟಿ, ಚಳಿ ಕಾಯಿಸುವವನಿಗೆ ಅಗ್ಗಿಷ್ಟಿಕೆ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಅಂಥ ಕಾರ್ಖಾನೆಗಳಲ್ಲಿ ಅದಿರನ್ನು ಕರಗಿಸುವ ಮಹಾಯಂತ್ರಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ "ಊದುಕುಲುಮೆ" ಎಂಬ ಹೆಸರು ನಿಂತಿತು. ಊದು ಒಲೆ ಎಂದಾಗಲಿ ಊದು ಆವಿಗೆ ಎಂದಾಗಲಿ ಅನ್ನಲಿಲ್ಲ. ಕಬ್ಬಿಣವೆಂದೊಡನೆ ಕಮ್ಮಾರನೂ, ಅವನ ತಿದಿಯೂ ನೆನಪಿಗೆ ಬಂದವು. ಪದವು ತನ್ನ ಜಾಗಕ್ಕೆ ತಾನೇ ಬಂದು ಕುಳಿತಿತು. ಈ ಪದಗಳೊಳಗಣ ಸೂಕ್ಷ್ಮವು ಜನದಲ್ಲಿ ಇಲ್ಲದೆ ಹೋಗಿದ್ದರೆ ಅಂಥ ಹೆಸರು ಹುಟ್ಟುತ್ತಿರಲಿಲ್ಲ.

ಪದದ ತೂಕವು ಕೆಲವೊಮ್ಮೆ ನಮ್ಮ ಮನಸ್ಸಿನ ತೂಕವನ್ನೂ ತೋರಿಸಿಕೊಡುವುದು. ಲಾರಿಯಡಿಗೆ ಸಿಕ್ಕ ಕೂಲಿಯವನ ಸುದ್ದಿಗೆ ಪತ್ರಿಕೆಯಲ್ಲಿ "ಸಾವು" ಎಂಬ ತಲೆಬರಹ. ಹೆಸರುವಾಸಿಯಾದವರು ತೀರಿಕೊಂಡರೆ "ನಿಧನ". ಇಬ್ಬರ ಉಸಿರೂ ನಿಂತದ್ದು ಒಂದೇ ರೀತಿಯಲ್ಲವೇ? ಹೀಗೆ ಬರೆಯಬೇಕೆಂದು ಯಾರೂ ಅಪ್ಪಣೆ ಮಾಡಿಲ್ಲ. ಕೈ ತಾನಾಗಿಯೇ ಹಾಗೆ ಬರೆಯುತ್ತದೆ. ಹಿಂದೆ "ಕೂಳು" ಎಂಬುದು ಅನ್ನಕ್ಕೆ ಗೌರವದ ಹೆಸರೇ ಆಗಿತ್ತು. ಇಂದು ಅದನ್ನು ನೆಂಟರ ಮುಂದೆ ಆಡಿ ನೋಡಿರಿ!

ಈ ಎರಡು ವಿಷಯಗಳು ಎಲ್ಲಿ ಕೂಡುವುವು? ಮುಖಾಮುಖಿ ಮಾತಾಡುವಾಗ ಪದ ಸ್ವಲ್ಪ ತಪ್ಪಿದರೂ ದನಿಯು ಅದನ್ನು ತಿದ್ದಿಕೊಳ್ಳುವುದು. ಗೆಳೆಯನನ್ನು ಬೈದು ಕರೆದರೂ ಅವನು ನಗುತ್ತಾನೆ, ಏಕೆಂದರೆ ದನಿಯಲ್ಲಿ ಬೈಗುಳವಿಲ್ಲ. ಬರೆಯುವಾಗ ಈ ಆಸರೆ ಕಳಚುವುದು. ಆಗ ದನಿಯು ಮಾಡುತ್ತಿದ್ದ ಕೆಲಸವನ್ನೆಲ್ಲ ಪದವೇ ಮಾಡಬೇಕು. ಸಿಟ್ಟೋ ಮುನಿಸೋ ಎಂಬುದನ್ನು ದನಿಯಿಂದ ತಿಳಿಸಲಾರದವನು ಪದದಿಂದಲೇ ತಿಳಿಸಬೇಕಾಗುತ್ತದೆ. ಹತ್ತು ಸಮೀಪಾರ್ಥಕ ಪದಗಳುಳ್ಳವನು ಹತ್ತು ದನಿಗಳಲ್ಲಿ ಬರೆಯಬಲ್ಲನು. ಒಂದೇ ಪದವುಳ್ಳವನು ಒಂದೇ ದನಿಯಲ್ಲಿ ಬರೆಯುವನು, ಓದುವವನು ತನ್ನ ಮನಸ್ಸಿಗೆ ಬಂದ ದನಿಯಲ್ಲಿ ಓದಿಕೊಳ್ಳುವನು.

ಇದು ಪಂಡಿತರ ಚರ್ಚೆಯೆಂದು ಎಣಿಸಬೇಡಿರಿ. ಇಂದು ಪತ್ರ ಬರೆಯುವವರು ಕಡಿಮೆಯಾದರೂ, ಬರೆಯುವುದು ಮಾತ್ರ ಹಿಂದೆಂದಿಗಿಂತ ಹೆಚ್ಚಾಗಿದೆ. ಮೊಬೈಲಿನಲ್ಲಿ ಎಲ್ಲರೂ ಬರೆಯುತ್ತಾರೆ. ನಮಗೆ ಪರಿಚಿತರಾದ ತಾಯಿಯೊಬ್ಬರು ಬೆಂಗಳೂರಿನಲ್ಲಿರುವ ಮಗನಿಗೆ, "ಹಬ್ಬಕ್ಕೆ ಬರುವೆಯಷ್ಟೆ, ಅಪ್ಪನಿಗೆ ಮೈ ಸರಿಯಿಲ್ಲ" ಎಂದು ಬರೆಸಿದರು. ಮಗ ಕಳಿಸಿದ ಉತ್ತರ "ನೋಡೋಣ" ಎಂಬ ಮೂರೇ ಅಕ್ಷರ. ಅವನು ರಜೆ ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಬರೆದಿದ್ದನು. ತಾಯಿ ಅದನ್ನು ಕಚೇರಿಯ "ನೋಡೋಣ" ಎಂದು ಓದಿಕೊಂಡು ಎರಡು ದಿನ ಊಟ ಬಿಟ್ಟರು. "ಪ್ರಯತ್ನ ಮಾಡುತ್ತೇನಮ್ಮ" ಎಂದು ಬರೆದಿದ್ದರೆ ಏನು ಕಳೆದುಹೋಗುತ್ತಿತ್ತು? ಒಬ್ಬನೇ ಮಗ, ಬಂದನು, ಎಲ್ಲವೂ ಸರಿಹೋಯಿತು. ಆ ಎರಡು ದಿನಗಳನ್ನು ಮಾತ್ರ ಆಕೆ ಇನ್ನೂ ಮರೆತಿಲ್ಲ.

ಒಂದು ಮನೆಯೊಳಗೆ ಹೀಗಾಗುವುದಾದರೆ, ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಕೂಡಿದಾಗ ಏನಾಗಿರಬೇಕು! ೧೯೫೬ರ ನವೆಂಬರ್ ೧ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡಿಗರು ಒಂದು ರಾಜ್ಯವಾದರು. ಅದುವರೆಗೆ ಒಂದೇ ಅಧಿಕಾರಿಯು ಮೈಸೂರಿನಲ್ಲಿ ಅಮಲ್ದಾರ, ಮುಂಬಯಿ ಕರ್ನಾಟಕದಲ್ಲಿ ಮಾಮಲೇದಾರ, ಹೈದರಾಬಾದಿನಲ್ಲಿಯೂ ಮದರಾಸಿನಲ್ಲಿಯೂ ತಹಶೀಲ್ದಾರ. ಊರ ಲೆಕ್ಕ ಬರೆಯುವವನು ಇಲ್ಲಿ ಶಾನುಭೋಗ, ಅಲ್ಲಿ ಕುಲಕರ್ಣಿ. ಇವುಗಳನ್ನು ಸರ್ಕಾರವು ಆಜ್ಞೆಯಿಂದ ಒಂದುಮಾಡಿತು. ತಹಶೀಲ್ದಾರ ಉಳಿದನು, ಶಾನುಭೋಗ ಕುಲಕರ್ಣಿಗಳಿಬ್ಬರೂ ಹೋಗಿ ಗ್ರಾಮಲೆಕ್ಕಿಗನು ಬಂದನು, ಈಗ ಅವನೂ ಗ್ರಾಮ ಆಡಳಿತಾಧಿಕಾರಿಯಾಗಿದ್ದಾನೆ. ಹುದ್ದೆಯ ಹೆಸರನ್ನು ಹೀಗೆ ಬದಲಿಸಬಹುದು. ದನಿಯನ್ನು ಯಾವ ಆಜ್ಞೆಯಿಂದ ಒಂದುಮಾಡುವುದು? ಒಂದುಮಾಡಬೇಕಾದರೂ ಏಕೆ?

ನಮ್ಮ ಬಂಧುಗಳ ಮನೆಯೊಂದರಲ್ಲಿ ನಡೆದದ್ದನ್ನು ಹೇಳುವೆವು. ಗದಗಿನ ಸಮೀಪದ ಊರಿನಿಂದ ಆ ಮನೆಗೆ ಸೊಸೆ ಬಂದಳು. ಬಂದ ಮರುದಿನವೇ ಅಡುಗೆ ಮಾಡಿ, ಎಲೆ ಹಾಕಿ, ಅತ್ತೆಯ ಮುಂದೆ ನಿಂತು, "ಅತ್ತಿ, ಊಟಾ ಮಾಡ್ತೀರೇನ್ರಿ?" ಎಂದು ಕೇಳಿದಳು. ಅವಳ ಸೀಮೆಯಲ್ಲಿ ಅದಕ್ಕಿಂತ ವಿನಯವಾಗಿ ಕೇಳುವ ಬಗೆಯೇ ಇಲ್ಲ. ಅಲ್ಲಿ ಪ್ರಶ್ನೆ ಕೇಳುವುದೇ "ಏನು" ಎಂಬುದರಿಂದ. ನಮ್ಮ ಕಡೆ ಅದೇ ಪ್ರಶ್ನೆಯು "ಮಾಡ್ತೀರಾ" ಎಂದು ಆಕಾರದಲ್ಲಿ ಮುಗಿಯುವುದು. "ಮಾಡ್ತೀರೇನು" ಎಂದರೆ, ಮಾಡಲಾರಿರಿ ಎಂದುಕೊಂಡಿದ್ದೆನಲ್ಲ ಎಂಬ ಅಚ್ಚರಿ ಇಣುಕುವುದು. ಅದರ ಮೇಲೆ ಆ ಸೀಮೆಯ ದನಿಯು ಮಾತಿನ ತುದಿಯಲ್ಲಿ ಗಟ್ಟಿಯಾಗಿ ಬೀಳುವಂಥದು. ಅತ್ತೆಗೆ ಅದು ಅನ್ನವನ್ನು ಲೆಕ್ಕ ಹಾಕಿದಂತೆ ಕೇಳಿಸಿತು. ಆಕೆ ಮಲೆನಾಡಿನ ಎಳೆದ ದನಿಯಲ್ಲಿ "ಆಯ್ತು... ಮಾಡೋಣ" ಎಂದರು; ಸೊಸೆಗೆ ಅದು ಅಡುಗೆ ಮೆಚ್ಚದವರ ಮಾತಿನಂತೆ ಕೇಳಿಸಿತು. ಹೀಗೆ ತಿಂಗಳೊಪ್ಪತ್ತು ನಡೆಯಿತು. ಸೊಸೆಯು ಒಳಗೆ ಅಳುವುದು, ಅತ್ತೆಯು ನೆರೆಮನೆಯಲ್ಲಿ ಹೇಳಿಕೊಳ್ಳುವುದು. ಮಗನಿಗೆ ಯಾರ ಮಾತಿನಲ್ಲಿ ತಪ್ಪಿದೆಯೆಂಬುದೇ ತಿಳಿಯದು, ಏಕೆಂದರೆ ಇಬ್ಬರೂ ವರದಿ ಮಾಡುತ್ತಿದ್ದುದು ಪದಗಳನ್ನು, ನೊಂದದ್ದು ದನಿಗೆ.

ಕೊನೆಗೆ ಗಂಡನ ರೈಲ್ವೆ ಚಾಕರಿಯ ನಿಮಿತ್ತ ಹುಬ್ಬಳ್ಳಿಯಲ್ಲಿ ಬಹುಕಾಲ ಇದ್ದ ನಮ್ಮ ಸೋದರತ್ತೆಯು ಆ ಮನೆಗೆ ಹೋದಾಗ ಗಂಟು ಬಿಚ್ಚಿತು. ಊಟದ ಹೊತ್ತಿಗೆ ಆ ಪ್ರಶ್ನೆಯನ್ನು ಕೇಳಿದೊಡನೆ ಆಕೆ ಬಾಯಿತುಂಬ ನಕ್ಕು, "ಅವಳ 'ಏನು' ಅಂದರೆ ನಮ್ಮ 'ಆ' ಕಣೇ! ನಿನ್ನನ್ನು ಊಟಕ್ಕೆ ಕರೀತಿದ್ದಾಳೆ" ಎಂದರು. ಅಷ್ಟೇ. ಅತ್ತೆಯು ಸೊಸೆಯ ಮುಖವನ್ನು ನೋಡಿದರು. ಆಮೇಲೆ ಆ ಮನೆಯಲ್ಲಿ ಜಗಳಗಳು ನಡೆಯಲಿಲ್ಲವೆಂದಲ್ಲ, ನಡೆದವು. ಆದರೆ ಅವು ನಿಜವಾದ ಕಾರಣಗಳಿಗೆ ನಡೆದವು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದನೆಂಬುದನ್ನು ನಾವು ಪ್ರತಿವರ್ಷ ಈ ದಿನ ನೆನೆಯುತ್ತೇವೆ. ಅದೇ ಗ್ರಂಥದಲ್ಲಿ ಅವನು, ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳಲ್ಲಿ ಇಂಥದು ದೋಷವೆಂದು ಗೊತ್ತುಮಾಡಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನೆಂದು ಹೇಳಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ನಾಡನ್ನು ಒಂದೆಂದು ಕಂಡವನೇ ನುಡಿಯ ಬಗೆಗಳು ಹಲವೆಂದೂ ಕಂಡನು; ಅವನಿಗೆ ಎರಡರಲ್ಲಿ ವಿರೋಧ ತೋರಲಿಲ್ಲ. ನಮ್ಮಲ್ಲಿಯಾದರೋ ಸಿನಿಮಾದಲ್ಲಿ ನಗಿಸಬೇಕಾದ ಪಾತ್ರಕ್ಕೆ ಉತ್ತರದ ಕನ್ನಡವನ್ನೋ ಮಂಗಳೂರಿನ ಕನ್ನಡವನ್ನೋ ತೊಡಿಸುವ ಚಾಳಿ ಬಂದಿದೆ. ಧಾರವಾಡದವರ ಮಾತು ಒರಟೆಂದು ಮೈಸೂರಿನವರು, ಮೈಸೂರಿನವರದು ಬೆಣ್ಣೆ ಹಚ್ಚಿದ ಮಾತೆಂದು ಧಾರವಾಡದವರು. ಬಾಯಾರಿದವನು ಇಲ್ಲಿ "ಬಾಯಾರಿಕೆ" ಎನ್ನಲಿ, ಅಲ್ಲಿ "ನೀರಡಿಕೆ" ಎನ್ನಲಿ, ಸಾಗರದ ಹವ್ಯಕರ ಮನೆಯಲ್ಲಿ "ಆಸರಿ" ಕೇಳಲಿ. ಒಂದನ್ನು ಶುದ್ಧವೆಂದು ಇರಿಸಿಕೊಂಡು ಉಳಿದವನ್ನು ಹೊರಗೆ ಹಾಕಿದರೆ ಬಡವಾಗುವುದು ಯಾರ ಭಂಡಾರ? ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನು ಅಚ್ಚುಹಾಕಿಸಿದಾಗ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೯೫ರಲ್ಲಿ ಪೂರ್ಣಗೊಂಡಾಗ, ಆ ಹಿರಿಯರು ಪದಗಳಿಗೆ ಬಾಗಿಲು ಹಾಕಲಿಲ್ಲ, ತೆರೆದರು. ಆದರೆ ನಿಘಂಟು ಎಷ್ಟು ದೊಡ್ಡದಾದರೂ ಅದಕ್ಕೆ ದನಿಯಿಲ್ಲ.

ಇಲ್ಲಿಯೇ ನಮ್ಮ ಮನಸ್ಸು ಕಾಸರಗೋಡಿಗೆ ಹೋಗುವುದು. ೧೯೫೬ರಲ್ಲಿ ಆ ಸೀಮೆಯು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಬರತಕ್ಕದ್ದೆಂದು ೧೯೬೭ರಲ್ಲಿ ಮಹಾಜನ ಆಯೋಗವು ಹೇಳಿದರೂ ಅದು ಕೈಗೂಡಲಿಲ್ಲ. ಆ ವಾದವನ್ನು ಇಂದು ನಾವು ಎತ್ತುವುದಿಲ್ಲ. ಆದರೆ ಅಲ್ಲಿಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದುದರ ವಿರುದ್ಧ ಅಲ್ಲಿಯ ತಾಯಿತಂದೆಗಳು ಹಲವು ಸಲ ಬೀದಿಗಿಳಿದಿದ್ದಾರೆ. ಅದು ಉದ್ಯೋಗದ ಜಗಳವೆಂದು ದೂರದವರು ತಿಳಿದಿರಬಹುದು. ಅಕ್ಷರವನ್ನು ಮಗು ಪುಸ್ತಕದಿಂದ ಕಲಿತೀತು. ಮುನಿಸಿಗೂ ಸಿಟ್ಟಿಗೂ ಇರುವ ಅಂತರವನ್ನು, ಪ್ರಶ್ನೆಯ "ಏ" ಮತ್ತು ಒತ್ತಿ ಹೇಳುವ "ಏ" ಇವುಗಳ ಅಂತರವನ್ನು ಯಾವ ಪುಸ್ತಕದಿಂದ ಕಲಿಯುವುದು? ಕನ್ನಡದಲ್ಲಿ ಗದರಿಸಿಕೊಳ್ಳದೆ, ಕನ್ನಡದಲ್ಲಿ ಶಹಬಾಸ್ ಎನ್ನಿಸಿಕೊಳ್ಳದೆ ಬೆಳೆದ ಮಗುವು ಕನ್ನಡವನ್ನು ಓದಬಲ್ಲುದು, ಕೇಳಲಾರದು. ಆ ತಾಯಿತಂದೆಗಳ ಸಂಕಟ ಇದು.

ಕುಂಸಿಯ ಶಿಕ್ಷಕಬಂಧುಗಳಲ್ಲಿ ನಮ್ಮದೊಂದು ಬಿನ್ನಹವುಂಟು. ದಿನಕ್ಕೆ ಹತ್ತು ನಿಮಿಷ ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಒಂದೇ ವಾಕ್ಯವನ್ನು ಸಂತೋಷದಿಂದ, ಭಯದಿಂದ, ಸಂದೇಹದಿಂದ ಹೇಳಿಸಿರಿ. ಪರ್ಯಾಯಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು, ಯಾವ ಪದವನ್ನು ಯಾರ ಮುಂದೆ ಆಡಲಾಗದೆಂದು ಕೇಳಿರಿ. ಮಕ್ಕಳು ಹೇಳುವ ಉತ್ತರಗಳಿಂದ ನಾವೇ ಕಲಿಯಬೇಕಾದೀತು. ವಿದ್ಯಾರ್ಥಿಗಳು ರಜಾದಿನಗಳಲ್ಲಿ ಅಜ್ಜಅಜ್ಜಿಯರ ಹತ್ತಿರ ಕುಳಿತು, ಮಳೆಗೆ, ಕೆಸರಿಗೆ, ದನಕರುಗಳ ಬಣ್ಣಕ್ಕೆ, ಗದ್ದೆಯ ಕೆಲಸಕ್ಕೆ ಅವರಾಡುವ ಪದಗಳನ್ನು ಬರೆದಿಡಲಿ. ಈಗಂತೂ ಎಲ್ಲರ ಜೇಬಿನಲ್ಲಿಯೂ ದನಿಯನ್ನು ಹಿಡಿದಿಡುವ ಯಂತ್ರವಿರುವುದು. ಪದವನ್ನಷ್ಟೇ ಬರೆಯದೆ, ಅವರು ಅದನ್ನಾಡಿದ ದನಿಯನ್ನೂ ಹಿಡಿದಿಟ್ಟುಕೊಳ್ಳಿರಿ. ಮಲೆನಾಡಿನಲ್ಲಿ ದೂರವನ್ನು "ಕೂಗಳತೆ" ಎಂದು ಅಳೆಯುವುದುಂಟು. ತೋಟದ ಈಚಿನ ಮನೆಯಿಂದ ಆಚಿನ ಮನೆಗೆ ಕೂಗಿ ಕರೆಯುವ ಆ ಎಳೆತವನ್ನು ಕೇಳಿದಾಗ, ಭರತನು ಹೇಳಿದ ಶಿರಸ್ಸಿನ ದನಿಯು ಇದೇ ಇರಬೇಕೆಂದು ನಮಗೆ ಅನಿಸಿದ್ದುಂಟು. ಮನೆಮನೆಗೂ ಫೋನು ಬಂದ ಮೇಲೆ ಆ ಕೂಗು ಅಪರೂಪವಾಗಿದೆ. ಅದನ್ನು ಬಲ್ಲ ಹಿರಿಯರು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವುದನ್ನು ನಾವು ಕಾಣುತ್ತಿದ್ದೇವೆ.

ಅಧ್ಯಕ್ಷರು ಎರಡು ಸಲ ಗಡಿಯಾರವನ್ನು ನೋಡಿರುವರು. ಶಿವಮೊಗ್ಗದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆ; ಆ ಹಿಂದಿನ ಸಾಲಿನ ಹಿರಿಯರು ಒಪ್ಪಿದರೆ, ಹೊರಗೆ ಬಯಲಿಗೆ ಬಂದು ಒಮ್ಮೆ ಕೂಗಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ.